15 ದಿನದಲ್ಲಿ ಮನೆ ಖಾಲಿ ಮಾಡಿ ಅಂತ ಲಾಯರ್ ನೋಟಿಸ್ ಬಂದಿದೆ, ಮುಂದೇನಾಗುತ್ತದೆ?

ಮೊದಲ ಮಹಡಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ನಮ್ಮ ಯಜಮಾನರು, ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳು, ಮತ್ತೆ ನಮ್ಮ ಅತ್ತೆ. ಬಾಡಿಗೆ 14,000. ಅಡ್ವಾನ್ಸ್ 1,40,000 ಕೊಟ್ಟಿದ್ದೇವೆ. 11 ತಿಂಗಳ ಅಗ್ರಿಮೆಂಟ್ ಮುಗಿದು ಬಹಳ ಕಾಲವಾಯಿತು. ಹೊಸದು ಮಾಡಿಸೋಣ ಅಂದಾಗಲೆಲ್ಲ ಓನರ್ "ಇರ್ಲಿ ಬಿಡಿ, ನಿಮ್ಮ ಮೇಲೆ ನಂಬಿಕೆ ಇದೆ" ಅನ್ನುತ್ತಿದ್ದರು. ಬಾಡಿಗೆ ಪ್ರತಿ ತಿಂಗಳು 5ನೇ ತಾರೀಖಿನ ಒಳಗೆ ಫೋನ್‌ನಿಂದಲೇ ಅವರ ಖಾತೆಗೆ ಹಾಕುತ್ತಾ ಬಂದಿದ್ದೇವೆ. ಒಂದು ತಿಂಗಳೂ ತಪ್ಪಿಲ್ಲ.

ಈಗ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರಂತೆ. ವಕೀಲರ ಕಡೆಯಿಂದ ನೋಟಿಸ್ ಬಂದಿದೆ. 15 ದಿನದಲ್ಲಿ ಖಾಲಿ ಮಾಡಬೇಕು, ಇಲ್ಲದಿದ್ದರೆ ದಿನಕ್ಕೆ 1,000 ರೂಪಾಯಿ ನಷ್ಟ ಪರಿಹಾರ ಅಂತ ಬರೆದಿದ್ದಾರೆ. ಮೊನ್ನೆ ಅವರ ಮಗ ಬಂದು, 16ನೇ ದಿನ ಪೊಲೀಸರನ್ನು ಕರೆದುಕೊಂಡು ಬಂದು ಸಾಮಾನು ಹೊರಗೆ ಹಾಕಿಸುತ್ತೇನೆ ಅಂದ. ಅವತ್ತು ಸಂಜೆಯಿಂದ ನೀರಿನ ಮೋಟಾರ್ ರೂಮಿಗೆ ಬೀಗ. ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿದೆ, ಕೊಡದಲ್ಲಿ ನೀರು ಹೊತ್ತು ತರುವುದು ನನ್ನೊಬ್ಬಳ ಕೆಲಸವಾಗಿದೆ.

ಮನೆ ಬಿಡುವುದಿಲ್ಲ ಅಂತ ನಾವು ಹೇಳುತ್ತಿಲ್ಲ. ಮಗಳ ಪರೀಕ್ಷೆ ಮುಗಿಯಲಿ ಅಂತಷ್ಟೇ ಕೇಳುತ್ತಿದ್ದೇವೆ. ನಿಜವಾಗಲೂ 16ನೇ ದಿನ ನಮ್ಮನ್ನು ಹೊರಗೆ ಹಾಕಬಹುದಾ? ಕೋರ್ಟ್ ಅಂದರೆ ಏನೇನಾಗುತ್ತದೆ? ಅಡ್ವಾನ್ಸ್ ವಾಪಸ್ ಬರುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾಸನದವ ಬರೆದದ್ದು:

ಮೇಡಂ, ಏನೂ ಹೆದರಬೇಡಿ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯಬಹುದು. ಇನ್ನೊಂದು ನೋಟಿಸ್ ಬಂದರೆ ತಗೋಬೇಡಿ, ಮನೆಯಲ್ಲಿ ಯಾರೂ ಇಲ್ಲ ಅಂತ ಹೇಳಿ ಕಳಿಸಿ. ಬಾಡಿಗೆ ಇವತ್ತಿಂದಲೇ ನಿಲ್ಲಿಸಿ, ಅಡ್ವಾನ್ಸಲ್ಲಿ ಮುರಿದುಕೊಳ್ಳಲಿ. ನನ್ನ ಸ್ನೇಹಿತ ಹೀಗೇ ಮಾಡಿದ.

ನಿವೃತ್ತ ಬೆಂಚ್ ಕ್ಲರ್ಕ್ ಬರೆದದ್ದು:

ಅಮ್ಮ, ಮೇಲಿನ ಸಲಹೆ ಪಾಲಿಸಬೇಡಿ. ಹಾಸನದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಅದರಿಂದ ಕೆಡುವುದು ನಿಮ್ಮ ಕೇಸು. ನಾನು ಸಿವಿಲ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ವಕೀಲನಲ್ಲ. ಆದರೆ ಮನೆ ಖಾಲಿ ಮಾಡಿಸುವ ದಾವೆಗಳ ಫೈಲು ದಿನಾ ಕೈಯಲ್ಲಿ ಹಿಡಿದವನು. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಓದಿ.

ಮೊದಲು ನಿಮ್ಮ ಭಯದ ಮಾತು. 16ನೇ ದಿನ ನಿಮ್ಮನ್ನು ಯಾರೂ ಹೊರಗೆ ಹಾಕುವ ಹಾಗಿಲ್ಲ. ನೋಟಿಸಿನಿಂದ ಮುಗಿಯುವುದು ಬಾಡಿಗೆ ಒಪ್ಪಂದ. ಮನೆ ಖಾಲಿ ಮಾಡಿಸುವ ಅಧಿಕಾರ ಓನರಿಗೂ ಇಲ್ಲ, ಅವರ ವಕೀಲರಿಗೂ ಇಲ್ಲ, ಪೊಲೀಸರಿಗಂತೂ ಇಲ್ಲವೇ ಇಲ್ಲ. ಓನರ್ ದಾವೆ ಹಾಕಬೇಕು, ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಆಗಬೇಕು, ಆ ಡಿಕ್ರಿಯ ಅಮಲ್ಜಾರಿಗೆ, ಅಂದರೆ ಅದನ್ನು ಜಾರಿಗೆ ತರಲು, ಮತ್ತೆ ಅರ್ಜಿ ಹಾಕಬೇಕು, ಕೋರ್ಟಿನ ಅಮೀನರು ವಾರಂಟ್ ಹಿಡಿದು ಬರಬೇಕು. ಪೊಲೀಸರು ಬರುವುದಿದ್ದರೆ ಆ ಕೊನೇ ಹಂತದಲ್ಲಿ, ಅದೂ ಕೋರ್ಟು ಹೇಳಿದರೆ, ಅಮೀನರ ರಕ್ಷಣೆಗೆ.

ಬಲವಂತವಾಗಿ ಹೊರಗೆ ಹಾಕಿದರೆ ಅಂತ ಕೇಳುತ್ತೀರಿ, ಅಲ್ವಾ? ನಿರ್ದಿಷ್ಟ ಪರಿಹಾರ ಕಾಯ್ದೆ, ಅಂದರೆ ಸ್ಪೆಸಿಫಿಕ್ ರಿಲೀಫ್ ಆಕ್ಟ್, 6ನೇ ಸೆಕ್ಷನ್ ಇರುವುದೇ ಇದಕ್ಕೆ. ಕಾನೂನು ಬಿಟ್ಟು ಹೊರಗೆ ಹಾಕಿಸಿಕೊಂಡವರು 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಅಲ್ಲಿ ಮನೆ ಯಾರದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಅಲ್ಲಿಯವರೆಗೆ ಯಾಕೆ ಬಿಡಬೇಕು? ಬೆದರಿಕೆ ಬಂದಿರುವುದರಿಂದ ಈಗಲೇ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. "ಕಾನೂನಿನ ಕ್ರಮ ಬಿಟ್ಟು ಬೇರೆ ರೀತಿಯಲ್ಲಿ ನಮ್ಮನ್ನು ಎಬ್ಬಿಸಬಾರದು" ಅಂತ ಕೇಳುವ ದಾವೆ ಅದು. ಅದರ ಜೊತೆಗೇ ನೀರಿನ ಮೋಟಾರ್ ರೂಮಿನ ಬೀಗ ತೆಗೆಸಲು ಮಧ್ಯಂತರ ಅರ್ಜಿ. ಬೀಗದ ಫೋಟೋ ತೆಗೆದಿಡಿ. ಠಾಣೆಗೂ ಒಂದು ದೂರು ಬರೆದು ಕೊಟ್ಟು, ಸ್ವೀಕೃತಿ ಇಸ್ಕೊಳ್ಳಿ. ಇದು ಸಿವಿಲ್ ವಿಷಯ ಅಂತ ಅವರು ಹೇಳಬಹುದು. ಹೇಳಲಿ, ಆ ಸ್ವೀಕೃತಿ ಚೀಟಿ ಫೈಲಿನಲ್ಲಿ ಇರಬೇಕು. ಕೋರ್ಟಿನಲ್ಲಿ ತಾರೀಖು ಇರುವ ಕಾಗದಕ್ಕೆ ತುಂಬಾ ಬೆಲೆ.

ಇನ್ನು ನಿಮಗೆ ಅನ್ವಯಿಸುವ ಕಾನೂನು ಯಾವುದು. ಬಾಡಿಗೆ ಅಂದ ತಕ್ಷಣ ಎಲ್ಲರೂ ರೆಂಟ್ ಕಂಟ್ರೋಲ್ ಅನ್ನುತ್ತಾರೆ. 1961ರ ಆ ಹಳೇ ಕಾಯ್ದೆ ಹೋಗಿ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂತು. ಜಾರಿಯಾದದ್ದು 2001ರ ಡಿಸೆಂಬರ್ ಕೊನೆಗೆ. ಅದರ ರಕ್ಷಣೆ ಇರುವುದು ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ದಾಟಿದರೆ ಆ ಕಾಯ್ದೆ ಇಲ್ಲ. ನಿಮ್ಮದು 14,000. ಹಾಗಾಗಿ ನಿಮ್ಮ ಓನರ್ "ನನಗೆ ಮನೆ ಬೇಕು" ಅನ್ನುವುದಕ್ಕೆ ಕಾರಣ ಸಾಬೀತು ಮಾಡುವ ಅಗತ್ಯವೇ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆ, 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆದಾರರಿಗೆ 15 ದಿನದ ನೋಟಿಸ್ ಕೊಟ್ಟರೆ ಸಾಕು. ಇದು ಕಹಿ ಮಾತು, ಆದರೆ ಗೊತ್ತಿರಬೇಕು. ನೀವು ಬಾಡಿಗೆ ತಪ್ಪದೆ ಕಟ್ಟಿರುವುದು ಒಳ್ಳೆಯದೇ. ಅದರಿಂದ ಮನೆ ಮಾತ್ರ ಉಳಿಯುವುದಿಲ್ಲ.

ನೋಟಿಸಿನಲ್ಲಿ ದಿನ ಕಡಿಮೆ ಬಿತ್ತು, ಅದಕ್ಕೇ ಕೇಸು ಬಿದ್ದುಹೋಗುತ್ತದೆ ಅಂತ ಯಾರಾದರೂ ಹೇಳಿದರೂ ನಂಬಬೇಡಿ. 2002ರ ತಿದ್ದುಪಡಿ ಆದ ಮೇಲೆ, ದಾವೆ ಹಾಕುವ ಹೊತ್ತಿಗೆ 15 ದಿನ ಕಳೆದಿದ್ದರೆ ಆಯಿತು.

ನೋಟಿಸ್ ತಗೋಬೇಡಿ ಅಂದರಲ್ಲ, ಅದು ದೊಡ್ಡ ತಪ್ಪು. ಅಂಚೆಯವರು "ತೆಗೆದುಕೊಳ್ಳಲು ನಿರಾಕರಿಸಿದ್ದಾರೆ" ಅಂತ ಷರಾ ಬರೆದು ವಾಪಸ್ ಕಳಿಸಿದರೆ, ಕೋರ್ಟು ಅದನ್ನು ತಲುಪಿದೆ ಅಂತಲೇ ಲೆಕ್ಕ ಹಾಕುತ್ತದೆ. ಕೋರ್ಟಿನ ಸಮನ್ಸಿಗೂ ಇದೇ ಮಾತು. ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ವಾಯಿದೆ ದಿನ, ಅಂದರೆ ಕೇಸು ಕೋರ್ಟಿನ ಮುಂದೆ ಬರುವ ದಿನ, ನಿಮ್ಮ ಹೆಸರು ಕೂಗುತ್ತಾರೆ. ಯಾರೂ ಬರದಿದ್ದರೆ ಎಕ್ಸ್‌ಪಾರ್ಟಿ, ಅಂದರೆ ನಿಮ್ಮ ಮಾತು ಕೇಳದೆಯೇ ಕೇಸು ಮುಂದೆ ಹೋಗುತ್ತದೆ. ಎಷ್ಟೋ ಜನ ಡಿಕ್ರಿ ಆದ ಮೇಲೆ, ಅಮೀನರು ಬಾಗಿಲಿಗೆ ಬಂದ ಮೇಲೆ ನಮ್ಮ ಸೆಕ್ಷನ್‌ಗೆ ಓಡಿ ಬರುತ್ತಿದ್ದರು. ಕೈಯಲ್ಲಿ ಮಗು, ಬಗಲಲ್ಲಿ ಬ್ಯಾಗು. ಎಕ್ಸ್‌ಪಾರ್ಟಿ ಡಿಕ್ರಿ ತೆಗೆಸಲು ಅರ್ಜಿ ಹಾಕುವ ದಾರಿ ಇದೆ, ಅದಕ್ಕೆ 30 ದಿನದ ಗಡುವೂ ಇದೆ. ಮೊದಲನೇ ವಾಯಿದೆಗೇ ಬಂದಿದ್ದರೆ ಅವರಿಗೆ ಎಷ್ಟೋ ಸಮಯ ಸಿಗುತ್ತಿತ್ತು. ಅವರನ್ನು ನೆನೆಸಿಕೊಂಡೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ದಾವೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಬೆಂಗಳೂರಿನಲ್ಲಿ ಇಂಥ ದಾವೆ ಹೋಗುವುದು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ, ಎಲ್ಲರೂ ಸ್ಮಾಲ್ ಕಾಸಸ್ ಅನ್ನುತ್ತಾರೆ. ಸಮನ್ಸ್ ಬಂದ ಮೇಲೆ ವಕೀಲರು ವಕಾಲತ್ತು, ಅಂದರೆ ನಿಮ್ಮ ಪರ ನಡೆಸಲು ನೀವು ಕೊಟ್ಟ ಅಧಿಕಾರಪತ್ರ, ಹಾಕುತ್ತಾರೆ. ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ನೀವು ಬರೆದು ಕೊಡುವ ಉತ್ತರಕ್ಕೆ, 30 ದಿನ. ಕಾರಣ ಕೊಟ್ಟರೆ 90 ದಿನದವರೆಗೆ ಸಿಗಬಹುದು. ಆಮೇಲೆ ಓನರ್ ಸಾಕ್ಷಿ, ನಿಮ್ಮ ವಕೀಲರ ಪಾಟಿ ಸವಾಲು, ನಿಮ್ಮ ಸಾಕ್ಷಿ, ಅವರ ಪಾಟಿ ಸವಾಲು, ವಾದ, ತೀರ್ಪು. ಅಲ್ಲಿ ಕೋರ್ಟು ಮುಖ್ಯವಾಗಿ ನೋಡುವುದು ಇಷ್ಟೇ: ಇವರು ಓನರ್ ಹೌದಾ, ನೀವು ಬಾಡಿಗೆದಾರರು ಹೌದಾ, ನೋಟಿಸ್ ಸರಿಯಾಗಿ ಕೊಟ್ಟು ಬಾಡಿಗೆ ಮುಗಿಸಿದ್ದಾರಾ. ನಿಮ್ಮ ಕೇಸಿನಲ್ಲಿ ಮೂರಕ್ಕೂ ಹೌದು ಅನ್ನಬೇಕಾಗುತ್ತದೆ. ಡಿಕ್ರಿಯಲ್ಲಿ ಖಾಲಿ ಮಾಡಲು ಸಾಮಾನ್ಯವಾಗಿ ಒಂದಿಷ್ಟು ಕಾಲಾವಕಾಶ ಕೊಡುತ್ತಾರೆ. ಆ ಕೋರ್ಟಿನ ಡಿಕ್ರಿ ಮೇಲೆ ಮಾಮೂಲಿ ಅಪೀಲು ಇಲ್ಲ, ಹೈಕೋರ್ಟಿಗೆ ರಿವಿಷನ್, ಅಂದರೆ ಡಿಕ್ರಿ ಕಾನೂನಿನ ಪ್ರಕಾರ ಇದೆಯಾ ಅಂತ ನೋಡಿ ಅನ್ನುವ ಅರ್ಜಿ. ರಿವಿಷನ್ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇರೆಯಾಗಿ ಕೇಳಬೇಕು.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ನಿಜ. ಹಾಗಂತ ಆ ಸಮಯ ಪುಕ್ಕಟೆ ಸಿಗುವುದಿಲ್ಲ. ನೋಟಿಸಿನ ಗಡುವು ಮುಗಿದ ದಿನದಿಂದ ನೀವು ಕೀ ಕೊಡುವ ದಿನದವರೆಗೆ ಓನರ್ ನಷ್ಟ ಪರಿಹಾರ ಕೇಳಬಹುದು. ಕೋರ್ಟಿನ ಭಾಷೆಯಲ್ಲಿ ಮೆಸ್ನೆ ಪ್ರಾಫಿಟ್ಸ್. ಅವರು ದಿನಕ್ಕೆ 1,000 ಅಂತ ಬರೆದ ಮಾತ್ರಕ್ಕೆ ಅಷ್ಟು ಸಿಗುವುದಿಲ್ಲ. ಆ ಏರಿಯಾದಲ್ಲಿ ಅಂಥ ಮನೆಗೆ ಈಗ ಎಷ್ಟು ಬಾಡಿಗೆ ಬರುತ್ತದೆ ಅಂತ ಕೋರ್ಟು ವಿಚಾರಣೆ ಮಾಡುತ್ತದೆ. ಆದರೂ ಅದು ನಿಮ್ಮ 14,000ಕ್ಕಿಂತ ಜಾಸ್ತಿ ಆಗಬಹುದು. ಬಾಡಿಗೆ ನಿಲ್ಲಿಸಿದರಂತೂ ಬಾಕಿ, ಬಡ್ಡಿ, ಖರ್ಚು ಎಲ್ಲ ಸೇರಿ ಅಡ್ವಾನ್ಸೇ ಕರಗಿಹೋಗುತ್ತದೆ. ಆದ್ದರಿಂದ ಬಾಡಿಗೆ ಹಾಕುತ್ತಲೇ ಇರಿ. ಅವರು ವಾಪಸ್ ಕಳಿಸಿದರೆ ಆ ಮೆಸೇಜ್ ಇಟ್ಟುಕೊಳ್ಳಿ, ಚೆಕ್ ಬರೆದು ಅಂಚೆಯಲ್ಲಿ ಕಳಿಸಿ.

ನೋಟಿಸಿಗೆ ವಕೀಲರ ಮೂಲಕ ಈ ವಾರವೇ ಉತ್ತರ ಕೊಡಿ. ಅಡ್ವಾನ್ಸ್ ಎಷ್ಟು, ಯಾವ ದಿನ, ಹೇಗೆ ಕೊಟ್ಟಿರಿ ಅನ್ನುವುದು ಅದರಲ್ಲಿ ಬರಲೇಬೇಕು. ಮುಂದೆ ಲಿಖಿತ ಹೇಳಿಕೆಯಲ್ಲೂ ಬರಬೇಕು, ಕೀ ಕೊಡುವಾಗ ವಾಪಸ್ ಕೊಡಿಸಿ ಅಂತ ಕೇಳಬೇಕು. ಮಗಳ ಪರೀಕ್ಷೆ, ಅತ್ತೆಯವರ ಆಪರೇಷನ್ ಎರಡನ್ನೂ ಬರೆಯಿಸಿ, ಇಂಥ ತಾರೀಖಿಗೆ ಬಿಡುತ್ತೇವೆ ಅಂತ ಖಚಿತವಾಗಿ ಹೇಳಿ. ಅರ್ಧಕ್ಕರ್ಧ ಕೇಸುಗಳು ರಾಜಿಯಾಗದೆ ಉಳಿಯುವುದು ತಾರೀಖು ಹೇಳದೇ ಇರುವುದರಿಂದಲೇ ಅಂತ ನನಗೆ ಅನ್ನಿಸುತ್ತದೆ.

ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಉಚಿತ ವಕೀಲರ ನೆರವು ಸಿಗುತ್ತದೆ, ಆದಾಯ ನೋಡುವುದಿಲ್ಲ. ಅಗ್ರಿಮೆಂಟ್ ನಿಮ್ಮ ಹೆಸರಿನಲ್ಲಿದ್ದರೆ ನೀವೇ ಅರ್ಜಿ ಕೊಡಿ. ಸಹಾಯವಾಣಿ 15100.

ಮೊದಲ ಮಹಡಿ ಬರೆದದ್ದು:

ಸರ್, ಕೈ ಮುಗಿಯುತ್ತೇನೆ. ನೋಟಿಸ್ ಬಂದ ಮೇಲೆ ಇವತ್ತು ಮನಸ್ಸಿಗೆ ಸ್ವಲ್ಪ ನೆಮ್ಮದಿ ಆಯಿತು. ಅಗ್ರಿಮೆಂಟ್ ನನ್ನ ಹೆಸರಿನಲ್ಲೇ ಇದೆ. ಅಡ್ವಾನ್ಸಿನಲ್ಲಿ 1 ಲಕ್ಷ ಚೆಕ್, 40,000 ಕ್ಯಾಶ್. ಕ್ಯಾಶಿಗೆ ರಸೀದಿ ಇಲ್ಲ. ಆದರೆ ಅಗ್ರಿಮೆಂಟಿನಲ್ಲಿ ಪೂರ್ತಿ 1,40,000 ಬಂದಿದೆ ಅಂತ ಬರೆದು ಓನರ್ ಸಹಿ ಹಾಕಿದ್ದಾರೆ. ಅಷ್ಟು ಸಾಕಾಗುತ್ತದಾ? ಕರೆಂಟೂ ತೆಗೆಸಿದರೆ ಏನು ಮಾಡುವುದು?

ನಿವೃತ್ತ ಬೆಂಚ್ ಕ್ಲರ್ಕ್ ಬರೆದದ್ದು:

ಸಾಕಾಗುತ್ತದೆ ಅಮ್ಮ. ಅವರದೇ ಸಹಿ ಇರುವ ಕಾಗದಕ್ಕಿಂತ ಒಳ್ಳೆಯ ರಸೀದಿ ಬೇಕಿಲ್ಲ. ಅಗ್ರಿಮೆಂಟ್ ಅವಧಿ ಮುಗಿದಿದ್ದರೂ ಅಡ್ವಾನ್ಸ್ ಬಂದಿದೆ ಅಂತ ಒಪ್ಪಿಕೊಂಡಿರುವ ಮಾತು ಹಾಗೇ ಇರುತ್ತದೆ. ಅಸಲನ್ನು ಯಾರ ಕೈಗೂ ಕೊಡಬೇಡಿ, ವಕೀಲರಿಗೂ ಮೊದಲು ಜೆರಾಕ್ಸ್ ಕೊಡಿ.

ಕರೆಂಟ್ ವಿಷಯದಲ್ಲಿ ಕಾನೂನು ನಿಮ್ಮ ಕಡೆ ಗಟ್ಟಿಯಾಗಿದೆ. 2003ರ ವಿದ್ಯುತ್ ಕಾಯ್ದೆ ಸಂಪರ್ಕ ಕೇಳುವ ಹಕ್ಕನ್ನು ಓನರಿಗೆ ಮಾತ್ರ ಕೊಟ್ಟಿಲ್ಲ, ಅಲ್ಲಿ ವಾಸ ಇರುವವರಿಗೂ ಕೊಟ್ಟಿದೆ. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ವಿದ್ಯುತ್ ಮೂಲಭೂತ ಸೌಲಭ್ಯ, ಓನರ್ ಒಪ್ಪಿಗೆ ಕೊಡಲಿಲ್ಲ ಅಂತ ಬಾಡಿಗೆದಾರರಿಗೆ ತಪ್ಪಿಸುವ ಹಾಗಿಲ್ಲ ಅಂದಿದೆ. ಬಿಲ್ಲು ಮಾತ್ರ ಬಾಕಿ ಇಡಬೇಡಿ.

ದಾವಣಗೆರೆ ಓನರ್ ಬರೆದದ್ದು:

ಇಲ್ಲಿ ಎಲ್ಲರೂ ಬಾಡಿಗೆದಾರರ ಕಷ್ಟವನ್ನೇ ಮಾತಾಡುತ್ತಿದ್ದೀರಿ. ನನ್ನದೂ ಕೇಳಿ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮೇಲಿನ ಮನೆಯ 6,000 ಬಾಡಿಗೆಯೇ ನನಗೆ ಆಧಾರ. ಅದರಲ್ಲೇ ಔಷಧಿ, ರೇಷನ್ ಎಲ್ಲ. ಕಳೆದ ದೀಪಾವಳಿಯಿಂದ ಬಾಡಿಗೆದಾರ ಬಾಡಿಗೆ ಕೊಟ್ಟಿಲ್ಲ. ಕೇಳಿದರೆ "ಮನೆ ನಿಮ್ಮ ಹೆಸರಿನಲ್ಲಿ ಇಲ್ಲವಲ್ಲ, ಖಾತೆ ತೋರಿಸಿ" ಅನ್ನುತ್ತಾನೆ. ಖಾತೆ ಇನ್ನೂ ಯಜಮಾನರ ಹೆಸರಿನಲ್ಲೇ ಇದೆ. ಮಗ ಹೊರದೇಶದಲ್ಲಿದ್ದಾನೆ. ಬೀಗ ಹಾಕಿಬಿಡಿ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಕೋರ್ಟ್ ಫೀಸ್ ಮನೆ ಬೆಲೆಯ ಮೇಲೆ ಕಟ್ಟಬೇಕಂತೆ, ಅಷ್ಟೊಂದು ದುಡ್ಡು ಎಲ್ಲಿಂದ ತರಲಿ?

ನಿವೃತ್ತ ಬೆಂಚ್ ಕ್ಲರ್ಕ್ ಬರೆದದ್ದು:

ತಾಯಿ, ನಿಮ್ಮ ಮಾತು ಸರಿ. ಬಾಡಿಗೆಯನ್ನೇ ನಂಬಿ ಬದುಕುವ ಹಿರಿಯರು ಕೋರ್ಟಿನ ಬೆಂಚಿನ ಮೇಲೆ ಕೂತು ಕಾಯುವುದನ್ನು ನೋಡಿ ನನಗೂ ಸಂಕಟ ಆಗುತ್ತಿತ್ತು.

ಬೀಗ ಹಾಕಬೇಡಿ. ಹಾಕಿದ ದಿನವೇ ತಪ್ಪು ನಿಮ್ಮ ಕಡೆ ತಿರುಗುತ್ತದೆ. ಮೇಲೆ ಹೇಳಿದ 6ನೇ ಸೆಕ್ಷನ್ ಅವನಿಗೂ ಇದೆ. ಅವನು ತಡೆಯಾಜ್ಞೆ ತಂದರೆ ನಿಮ್ಮ ಕೆಲಸ ಮತ್ತಷ್ಟು ನಿಧಾನ. ಅವನು ಮೊದಲೇ ಕೋರ್ಟಿಗೆ ಹೋಗುವ ಅನುಮಾನ ಇದ್ದರೆ ಕೇವಿಯಟ್ ಹಾಕಿಸಿ. ನಿಮ್ಮ ಮಾತು ಕೇಳದೆ ಆದೇಶ ಆಗುವುದಿಲ್ಲ. ಅದು 90 ದಿನ ಚಾಲ್ತಿಯಲ್ಲಿರುತ್ತದೆ.

ಕೋರ್ಟ್ ಫೀಸ್ ಮನೆ ಬೆಲೆಯ ಮೇಲೆ ಅಂತ ಹೇಳಿದವರಿಗೆ ಗೊತ್ತಿಲ್ಲ. ಬಾಡಿಗೆದಾರರನ್ನು ಬಿಡಿಸುವ ದಾವೆಗೆ ನಮ್ಮ ರಾಜ್ಯದ 1958ರ ಕೋರ್ಟ್ ಫೀ ಕಾಯ್ದೆ, 41ನೇ ಸೆಕ್ಷನ್ ಪ್ರಕಾರ ಲೆಕ್ಕ ಒಂದು ವರ್ಷದ ಬಾಡಿಗೆಯ ಮೇಲೆ. ನಿಮಗೆ 72,000ದ ಮೇಲೆ. ಬಾಕಿ ಬಾಡಿಗೆ ಕೇಳಿದರೆ ಆ ಮೊತ್ತಕ್ಕೆ ಬೇರೆ ಸೇರುತ್ತದೆ. ಬಾಕಿಯನ್ನು 3 ವರ್ಷದೊಳಗೆ ಕೇಳಬೇಕು, ಅದು ನೆನಪಿರಲಿ. ಉಚಿತ ವಕೀಲರ ನೆರವು ನಿಮಗೂ ಉಂಟು, ನೀವೂ ಹೆಂಗಸೇ ತಾನೇ. ಓನರ್ ಅನ್ನುವ ಕಾರಣಕ್ಕೆ ಇಲ್ಲ ಅನ್ನುವುದಿಲ್ಲ. ನಿಮ್ಮ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಕೇಳಿ.

ಖಾತೆಯ ಮಾತಿಗೆ ಹೆದರಬೇಡಿ. ನಿಮ್ಮ ಯಜಮಾನರಿಂದ ಬಾಡಿಗೆಗೆ ಪಡೆದು ಒಳಗೆ ಕೂತವನು "ಅವರು ಓನರೇ ಅಲ್ಲ" ಅನ್ನಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಅವರ ವಾರಸುದಾರರಾಗಿ ನೀವು ಹಕ್ಕುದಾರರೇ. ಸಹಮಾಲೀಕರಲ್ಲಿ ಒಬ್ಬರೇ ದಾವೆ ಹಾಕಬಹುದು, ಉಳಿದವರ ತಕರಾರು ಇರಬಾರದು ಅಷ್ಟೇ. ಮರಣ ಪ್ರಮಾಣಪತ್ರ, ವಂಶವೃಕ್ಷ, ತೆರಿಗೆ ರಸೀದಿ ಜೋಡಿಸಿಡಿ. ಸಾಧ್ಯವಾದರೆ ಮಗನನ್ನೂ ಸೇರಿಸಿಕೊಳ್ಳಿ.

ಒಂದು ಸೂಕ್ಷ್ಮ ಇದೆ, ಇದನ್ನು ವಕೀಲರಿಗೆ ಮರೆಯದೆ ಹೇಳಿ. ಬಾಡಿಗೆ ಕಟ್ಟಲಿಲ್ಲ ಅನ್ನುವ ಒಂದೇ ಕಾರಣದ ಮೇಲೆ ದಾವೆ ಹಾಕಬೇಡಿ. ಸ್ವತ್ತು ವರ್ಗಾವಣೆ ಕಾಯ್ದೆ, 114ನೇ ಸೆಕ್ಷನ್ ಪ್ರಕಾರ ಅವನು ವಿಚಾರಣೆ ದಿನ ಬಾಕಿ, ಬಡ್ಡಿ, ಖರ್ಚು ಕಟ್ಟಿಬಿಟ್ಟರೆ ಕೋರ್ಟು ಅವನನ್ನು ಉಳಿಸಬಹುದು. ನಾಲ್ಕು ತಿಂಗಳು ಬಿಟ್ಟು ಮತ್ತೆ ಅದೇ ಕಥೆ. 106ರ ನೋಟಿಸ್ ಕೊಟ್ಟು ಬಾಡಿಗೆಯನ್ನೇ ಮುಗಿಸಿ ದಾವೆ ಹಾಕಿದರೆ ಆ ಬಾಗಿಲು ಅವನಿಗೆ ಇರುವುದಿಲ್ಲ. ನೋಟಿಸ್ ಕೊಟ್ಟ ಮೇಲೆ ಅವನು ದುಡ್ಡು ತಂದುಕೊಟ್ಟರೆ ಸುಮ್ನೆ ಇಸ್ಕೊಳ್ಳಬೇಡಿ. ನೋಟಿಸ್ ಬಿಟ್ಟುಕೊಟ್ಟಿದ್ದೀರಿ ಅಂತ ವಾದ ಮಾಡುತ್ತಾನೆ. "ನೋಟಿಸಿನ ಹಕ್ಕಿಗೆ ಧಕ್ಕೆ ಇಲ್ಲದಂತೆ, ಬಾಕಿಯ ಲೆಕ್ಕಕ್ಕೆ" ಅಂತ ಬರೆದು ರಸೀದಿ ಕೊಡಿ.

ದಾವೆ ದಾಖಲಾದ ಮೇಲೆ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಕೊಡುತ್ತಾರೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವತ್ತು ಅಂತ ನಿಮ್ಮ ಮಗ ಅಲ್ಲಿಂದಲೇ ನೋಡಬಹುದು. ವಯಸ್ಸಿನ ಆಧಾರದ ಮೇಲೆ ಬೇಗ ವಿಚಾರಣೆ ಮಾಡಿ ಅಂತ ಅರ್ಜಿ ಕೊಡಿಸಿ.

ದಾವಣಗೆರೆ ಓನರ್ ಬರೆದದ್ದು:

ಫೀಸ್ ವಿಷಯ ಗೊತ್ತಿದ್ದರೆ ಆವಾಗಲೇ ಹೋಗುತ್ತಿದ್ದೆ. ಸೋಮವಾರ ಹೋಗುತ್ತೇನೆ. ಮೇಡಂ, ನಿಮ್ಮ ಮಗಳು ಚೆನ್ನಾಗಿ ಪರೀಕ್ಷೆ ಬರೆಯಲಿ.

ಮೊದಲ ಮಹಡಿ ಬರೆದದ್ದು:

ಧನ್ಯವಾದ ಅಮ್ಮ. ನಿಮಗೂ ಬೇಗ ನ್ಯಾಯ ಸಿಗಲಿ.

ಇಲ್ಲಿ ಆದದ್ದು ಹೇಳುತ್ತೇನೆ. ಕಾನೂನು ನೆರವಿನ ವಕೀಲರು ಸಿಕ್ಕಿದರು. ನೋಟಿಸಿಗೆ ಉತ್ತರ ಹೋಯಿತು. ಉತ್ತರ ತಲುಪಿದ ಮೇಲೆ ಮೋಟಾರ್ ರೂಮಿನ ಬೀಗ ತೆಗೆದರು. ಈಗ ಓನರ್ ಮಾತಿಗೆ ಬಂದಿದ್ದಾರೆ. ಏಪ್ರಿಲ್ 30ಕ್ಕೆ ಬಿಡುವುದು, ಅಲ್ಲಿಯವರೆಗೆ ಅದೇ ಬಾಡಿಗೆ. ಅಡ್ವಾನ್ಸ್ ಮಾತ್ರ ನಾವು ಖಾಲಿ ಮಾಡಿದ ಒಂದು ತಿಂಗಳಿಗೆ ಕೊಡುತ್ತೇನೆ, ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತೇನೆ ಅನ್ನುತ್ತಿದ್ದಾರೆ. ಒಪ್ಪಬಹುದಾ ಸರ್?

ನಿವೃತ್ತ ಬೆಂಚ್ ಕ್ಲರ್ಕ್ ಬರೆದದ್ದು:

ತಾರೀಖು ಒಪ್ಪಿ. ಅಡ್ವಾನ್ಸಿನ ಮಾತು ಒಪ್ಪಬೇಡಿ. ಕೀ ಕೊಟ್ಟ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಮೇಲೆ ದುಡ್ಡಿಗೆ ನೀವೇ ದಾವೆ ಹಾಕಬೇಕಾಗುತ್ತದೆ. ಹೊಸ ಮನೆಗೂ ಅಡ್ವಾನ್ಸ್ ಹೊಂದಿಸಬೇಕು, ಅಲ್ವಾ? ಹಾಗಾಗಿ 40,000 ಮಾರ್ಚ್ ಕೊನೆಗೆ, ಉಳಿದ ಲಕ್ಷಕ್ಕೆ ಏಪ್ರಿಲ್ 30ರಂದು ಕೀ ಕೊಡುವಾಗಲೇ ಡಿಡಿ ಅಂತ ಕೇಳಿ.

ಪೇಂಟಿಂಗ್ ವಿಷಯ ಅಗ್ರಿಮೆಂಟಿನಲ್ಲಿ ಬರೆದಿದ್ದರೆ ಕೊಡಬೇಕಾಗುತ್ತದೆ. ಬರೆಯದಿದ್ದರೆ, ಕೆಡವುವ ಮನೆಗೆ ಪೇಂಟ್ ಯಾಕೆ ಅಂತ ನಿಮ್ಮ ವಕೀಲರು ಕೇಳಲಿ.

ಇದೆಲ್ಲ ಬಾಯಿಮಾತಿನಲ್ಲಿ ಬೇಡ. ಇಬ್ಬರೂ ಸಹಿ ಹಾಕಿ, ಎರಡು ಸಾಕ್ಷಿ ಹಾಕಿಸಿ. ಅಷ್ಟರಲ್ಲಿ ಅವರು ದಾವೆ ಹಾಕಿದ್ದರೆ ಇದನ್ನೇ ರಾಜಿ ಅರ್ಜಿಯಾಗಿ ಕೋರ್ಟಿಗೆ ಅಥವಾ ಲೋಕ ಅದಾಲತ್‌ಗೆ ಕೊಡಿ. ಲೋಕ ಅದಾಲತ್‌ನಲ್ಲಿ ಆದದ್ದು ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಅವರಿಗೆ ಕೋರ್ಟ್ ಫೀಸೂ ವಾಪಸ್ ಸಿಗುತ್ತದೆ, ಅದನ್ನು ಅವರಿಗೆ ಹೇಳಿ ನೋಡಿ. ಆದರೆ ಒಮ್ಮೆ ಅಲ್ಲಿ ಹಾಗೆ ಬರೆದುಕೊಟ್ಟ ಮೇಲೆ ಮೇ 1ಕ್ಕೆ ನೀವು ಆ ಮನೆಯಲ್ಲಿ ಇರಬಾರದು. ಮತ್ತೆ ದಾವೆ ಬೇಕಿಲ್ಲ, ಅವರು ನೇರ ಅಮಲ್ಜಾರಿಗೇ ಹೋಗಬಹುದು. ಹೊಸ ಮನೆ ಹುಡುಕಲು ಪರೀಕ್ಷೆ ಮುಗಿಯುವವರೆಗೆ ಕಾಯಬೇಡಿ, ಯಜಮಾನರು ಈಗಲೇ ಶುರು ಮಾಡಲಿ. ಅತ್ತೆಯವರಿಗೆ ನೆಲಮಹಡಿ ನೋಡಿ.